ಕೆಜಿಎಫ್‌ನಿಂದ ಕ್ಯಾಂಬೋರ್ನ್‌ಗೆ: ಮುತ್ತಾತನ ಊರನ್ನು ಹುಡುಕುವ ದಾರಿ

ಮನೆತನದ ಚರಿತ್ರೆಯಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಆವತ್ತು ಹೊತ್ತು ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಇಂಗ್ಲೆಂಡಿನ ನೈಋತ್ಯ ಮೂಲೆಯ ಒಂದು ಸಣ್ಣ ಊರಿನ ಬಗ್ಗೆ. ಹೆಸರು ಕ್ಯಾಂಬೋರ್ನ್. ಕಾರ್ನ್‌ವಾಲ್ ಅನ್ನುವ ಕೌಂಟಿಯಲ್ಲಿದೆ. ಲಂಡನ್ನಿನಲ್ಲಿ ರೈಲು ಹತ್ತಿದರೆ ಸುಮಾರು ಐದು ಗಂಟೆಯ ದಾರಿ. ಪ್ರವಾಸಿಗಳು ಹೆಚ್ಚಾಗಿ ಅಲ್ಲಿ ಇಳಿಯುವುದಿಲ್ಲ. ಸಮುದ್ರ ತೀರ ಹುಡುಕಿಕೊಂಡು ಮುಂದೆ ಹೋಗುತ್ತಾರೆ. ಆದರೆ ನಮ್ಮ ಕೋಲಾರ ಚಿನ್ನದ ಗಣಿಯ ಎಷ್ಟೋ ಮನೆಗಳಿಗೆ ಅದು ತಾತನ ಊರು, ಮುತ್ತಾತನ ಊರು.

ಈ ನಂಟು ಹೇಗೆ ಬಂತು? 1875ರಲ್ಲಿ ಲಾವೆಲ್ ಅನ್ನುವ ಮಾಜಿ ಸೈನಿಕರೊಬ್ಬರು ಕೋಲಾರದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಟೇಲರ್ ಮನೆತನಕ್ಕೆ ಕಾರ್ನ್‌ವಾಲ್ ಗಣಿಗಳ ಹಳೆಯ ಪರಿಚಯ ಇತ್ತು. ಗಟ್ಟಿ ಬಂಡೆಯೊಳಗೆ ಇಳಿದು, ಅದಿರಿನ ಎಳೆ ಹಿಡಿದು ಹೋಗುವ ಕೆಲಸ ಗೊತ್ತಿದ್ದವರು ಅಲ್ಲೇ ಇದ್ದರು. ಅದೇ ಹೊತ್ತಿಗೆ ಕಾರ್ನ್‌ವಾಲ್‌ನಲ್ಲಿ ಕೆಲಸ ಇಲ್ಲದಾಗಿತ್ತು. 1866ರಲ್ಲಿ ತಾಮ್ರದ ಬೆಲೆ ಕುಸಿದಿತ್ತು. 1870ರ ದಶಕದಲ್ಲಿ ತವರದ ಬೆಲೆಯೂ ಬಿತ್ತು, ಯಾಕೆಂದರೆ ಆಸ್ಟ್ರೇಲಿಯಾ ಮತ್ತು ಮಲಯಾದ ತವರ ಅಗ್ಗವಾಗಿ ಬರತೊಡಗಿತು. ಗಂಡಸರು ಹೊರಟರು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ, ಮೆಕ್ಸಿಕೋದ ಪಚೂಕಾ, ದಕ್ಷಿಣ ಆಫ್ರಿಕಾ, ಹಾಗೇ ಕೋಲಾರ. ಲೋಕದ ಗಣಿ ಊರುಗಳಲ್ಲೆಲ್ಲ ಅವರನ್ನು 'ಕಸಿನ್ ಜ್ಯಾಕ್' ಅಂತ ಕರೆಯುತ್ತಿದ್ದರು.

ನನ್ನ ಶಾಲೆಯ ಗೆಳತಿಯೊಬ್ಬಳು ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಯವಳು. ಅವಳ ಮುತ್ತಾತ ಹೀಗೆ ಬಂದವರು. ಅವಳಿಗೋಸ್ಕರ ಹುಡುಕಲು ಶುರು ಮಾಡಿದ್ದು. ಆಮೇಲೆ ಅಂಥದ್ದೇ ಬೇರೆ ಮನೆಗಳವರೂ ಕೇಳತೊಡಗಿದರು. ಅವರ ಮನೆತನದ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ. ಅದು ಅವರ ಮನೆ ವಿಷಯ. ಆದರೆ ಹುಡುಕಾಟದ ದಾರಿ ಎಲ್ಲರಿಗೂ ಬೇಕಾಗುತ್ತದೆ. ಅದನ್ನು ಹೇಳುತ್ತೇನೆ.

ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಹಿಡಿದು ಹುಡುಕಬೇಡಿ. ಊರು ಹಿಡಿದು ಹುಡುಕಿ. ಆಮೇಲೆ ಮನೆಯ ಹೆಂಗಸರನ್ನು ಹಿಡಿದು ಹುಡುಕಿ.

ಯಾಕೆ ಅಂತೀರಾ? ಕಾರ್ನ್‌ವಾಲ್ ಹೆಸರು ಅಂದರೆ ಟ್ರೆ, ಪೋಲ್, ಪೆನ್ ಅಂತ ಶುರುವಾಗುವ ಹೆಸರು ಅಂತ ಎಲ್ಲರೂ ಹೇಳುತ್ತಾರೆ. ಟ್ರೆವಿಥಿಕ್, ಪೋಲ್ಕಿಂಗ್‌ಹಾರ್ನ್, ಪೆನ್‌ರೋಸ್ ಹೀಗೆ. ಅಂಥ ಹೆಸರು ನಿಮ್ಮ ಮನೆಯದಾದರೆ ನೀವು ಪುಣ್ಯವಂತರು. ಆದರೆ ಕ್ಯಾಂಬೋರ್ನಿನಲ್ಲಿ ಜಾಸ್ತಿ ಸಿಗುವುದು ಥಾಮಸ್, ವಿಲಿಯಮ್ಸ್, ರಿಚರ್ಡ್ಸ್, ಹ್ಯಾರಿಸ್. ಅದರ ಹಿಂದೆ ಜಾನ್, ವಿಲಿಯಂ, ಜೇಮ್ಸ್, ಥಾಮಸ್ ಅನ್ನುವ ಅದೇ ನಾಲ್ಕು ಹೆಸರು. ಅಲ್ಲಿ ನಿಂತು 'ವಿಲಿಯಂ ಥಾಮಸ್ ಅನ್ನುವ ಗಣಿ ಕೆಲಸಗಾರ' ಅಂತ ಹುಡುಕುವುದು ಮಂಡ್ಯದ ಸಂತೆಯಲ್ಲಿ ನಿಂತು ಸಿದ್ದೇಗೌಡರು ಯಾರು ಅಂತ ಕೇಳಿದ ಹಾಗೆ. ಹತ್ತು ಜನ ತಿರುಗಿ ನೋಡುತ್ತಾರೆ. ಇಂಟರ್‌ನೆಟ್‌ನಲ್ಲಿ ಎಷ್ಟೋ ವಂಶವೃಕ್ಷಗಳು ಹೀಗೇ ಕೆಟ್ಟಿವೆ. ಹೆಸರು ಸರಿ ಇದೆ, ವಯಸ್ಸು ಹತ್ತಿರ ಇದೆ ಅಂತ ಯಾರದ್ದೋ ತಾತನನ್ನು ತಮ್ಮ ತಾತ ಮಾಡಿಕೊಂಡಿರುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾರೆ. ಅದನ್ನು ನಂಬಬೇಡಿ.

ಇನ್ನೊಂದು ಮಾತು. ಹುಡುಕಾಟ ಇಂಗ್ಲೆಂಡಿನಲ್ಲಿ ಶುರುವಾಗಬಾರದು. ಇಲ್ಲಿ ಶುರುವಾಗಬೇಕು.

ಮನೆಯಲ್ಲಿರುವ ಕಾಗದ, ಬೈಬಲ್, ಫೋಟೋ ಹಿಂದಿನ ಬರಹ, ಎಲ್ಲ ಹೊರಗೆ ತೆಗೆಯಿರಿ. ಫೋಟೋ ಮೇಲೆ ಸ್ಟುಡಿಯೋ ಹೆಸರು ಅಚ್ಚಾಗಿದ್ದರೆ ಅದೂ ಊರಿನ ಸುಳಿವು. ಆಮೇಲೆ ಸಮಾಧಿ ಕಲ್ಲು. ಕೆಜಿಎಫ್‌ನ ಹಳೆಯ ಸ್ಮಶಾನದ ಕಲ್ಲುಗಳಲ್ಲಿ ಸತ್ತವರು ಹುಟ್ಟಿದ ಊರನ್ನೂ ಕೆತ್ತಿರುವುದು ಉಂಟು. ಊರಿನ ಹೆಸರು ಸಿಕ್ಕಿತು ಅಂದರೆ ಅರ್ಧ ಕೆಲಸ ಆಯಿತು.

ಬ್ರಿಟಿಷರ ಕಾಲದಲ್ಲಿ ಇಲ್ಲಿನ ಚರ್ಚುಗಳಲ್ಲಿ ಆದ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಭಾಗ. ಮೈಸೂರು ಸೀಮೆಯದ್ದನ್ನು ಮದ್ರಾಸ್ ಭಾಗದಲ್ಲಿ ನೋಡಬೇಕು. ಎಲ್ಲ ಚರ್ಚಿನದೂ ಅಲ್ಲಿಗೆ ಹೋಗಿಲ್ಲ, ಆದರೂ ಮೊದಲು ನೋಡಬೇಕಾದದ್ದು ಅಲ್ಲೇ. 1998ರಲ್ಲಿ ಶುರುವಾದ ಫಿಬಿಸ್ ಅನ್ನುವ ಸಂಘ ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗೆ ಅಂತಲೇ ಇದೆ. ಅವರ ಸೂಚಿಯನ್ನು ಕಾಸಿಲ್ಲದೆ ನೋಡಬಹುದು. ಇಲ್ಲಿನ ಮದುವೆ ದಾಖಲೆಯಲ್ಲಿ ಗಂಡಿನ ವಯಸ್ಸು, ಕೆಲಸ, ತಂದೆಯ ಹೆಸರು ಇರುತ್ತದೆ. ಆ ತಂದೆಯ ಹೆಸರೇ ನಮ್ಮನ್ನು ಸಮುದ್ರ ದಾಟಿಸುವುದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. 'ನಮ್ಮ ಮುತ್ತಾತ ಕ್ಯಾಪ್ಟನ್ ಆಗಿದ್ದರು' ಅಂತ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಹಾಗೆ ಹೇಳಿಕೊಂಡು ಸೈನ್ಯದ ದಾಖಲೆ ಹುಡುಕಿ ಬೇಸತ್ತವರಿದ್ದಾರೆ. ಕಾರ್ನ್‌ವಾಲ್ ಗಣಿಗಳಲ್ಲಿ ಮೇಲ್ವಿಚಾರಕನನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತಿದ್ದರು. ಅವನು ಸೈನಿಕ ಅಲ್ಲ. ಹುಡುಗನಾಗಿ ಗಣಿಗೆ ಸೇರಿ, ಕೆಲಸ ಕಲಿತು, ಮೇಲೆ ಬಂದವನು. ಆ ಪದ್ಧತಿಯೇ ಕೋಲಾರಕ್ಕೂ ಬಂತು. ಆದ್ದರಿಂದ ನಿಮ್ಮ ಕ್ಯಾಪ್ಟನ್‌ನನ್ನು ಗಣಿ ಕಾಗದಗಳಲ್ಲಿ ಹುಡುಕಿ.

ಈಗ ಕ್ಯಾಂಬೋರ್ನ್‌ಗೆ ಹೋಗೋಣ.

ಊರನ್ನು ತಿಳಿದುಕೊಳ್ಳುವುದು ಅಂದರೆ ಏನು? ಮೊದಲು ಒಂದು ಹಳೆಯ ನಕ್ಷೆ ಮುಂದಿಟ್ಟುಕೊಳ್ಳಿ. ಊರ ನಡುವೆ ಸೇಂಟ್ ಮಾರ್ಟಿನ್ ಮತ್ತು ಸೇಂಟ್ ಮೆರಿಯಡಾಕ್ ಹೆಸರಿನ ಗ್ರಾನೈಟ್ ಚರ್ಚು. ಪಕ್ಕದಲ್ಲೇ ಡಾಲ್ಕೋತ್ ಗಣಿ. ಮೊದಲು ತಾಮ್ರ, ಆಮೇಲೆ ತವರ. ಕಾರ್ನ್‌ವಾಲ್‌ನ ಎಲ್ಲ ಗಣಿಗಳಲ್ಲಿ ಆಳವಾದದ್ದು, ಸುಮಾರು ಒಂದು ಕಿಲೋಮೀಟರ್. ಸುತ್ತ ಟಕಿಂಗ್‌ಮಿಲ್, ಬೀಕನ್, ಟ್ರೂನ್, ಪೆನ್‌ಪಾಂಡ್ಸ್, ಟ್ರೆಸ್ಲೋಥನ್ ಅನ್ನುವ ಹಳ್ಳಿಗಳು. ಟಕಿಂಗ್‌ಮಿಲ್‌ನಲ್ಲಿ ವಿಲಿಯಂ ಬಿಕ್‌ಫರ್ಡ್ ಅವರ ಫ್ಯೂಸ್ ಕಾರ್ಖಾನೆ. ಸಿಡಿಮದ್ದು ಸಿಡಿಸಲು ಬಳಸುವ, ನಿಧಾನವಾಗಿ ಉರಿಯುವ ಬತ್ತಿಗೆ 1831ರಲ್ಲಿ ಪೇಟೆಂಟ್ ಪಡೆದವರು ಅವರು. ಅಲ್ಲಿ ಕೆಲಸ ಮಾಡುತ್ತಿದ್ದವರು ಜಾಸ್ತಿ ಹೆಣ್ಣುಮಕ್ಕಳು. ಊರೊಳಗೆ ಬಂಡೆ ಕೊರೆಯುವ ಯಂತ್ರ ಮಾಡುತ್ತಿದ್ದ ಹೋಲ್ಮನ್ ಕಾರ್ಖಾನೆ. ಉಗಿಯಂತ್ರಕ್ಕೆ ಹೆಸರಾದ ರಿಚರ್ಡ್ ಟ್ರೆವಿಥಿಕ್ 1801ರ ಕ್ರಿಸ್‌ಮಸ್ ಹಿಂದಿನ ದಿನ ತಮ್ಮ ಉಗಿ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಗುಡ್ಡ ಹತ್ತಿಸಿದ್ದು ಇದೇ ಊರಿನಲ್ಲಿ. 1888ರಲ್ಲಿ ಗಣಿ ಶಾಲೆ ಶುರುವಾಯಿತು. ಅಲ್ಲಿ ಕಲಿತವರೂ ಕೋಲಾರಕ್ಕೆ ಬಂದಿದ್ದಾರೆ.

ಇದೆಲ್ಲ ಸುಮ್ನೆ ಊರಿನ ವರ್ಣನೆ ಅಂದುಕೊಳ್ಳಬೇಡಿ. ಇದು ಗೊತ್ತಿದ್ದರೆ ಒಬ್ಬ ವಿಲಿಯಂ ಥಾಮಸ್‌ನನ್ನು ಇನ್ನೊಬ್ಬನಿಂದ ಬೇರೆ ಮಾಡಬಹುದು. ಟಕಿಂಗ್‌ಮಿಲ್‌ನವನು ಬೇರೆ, ಟ್ರೂನ್‌ನವನು ಬೇರೆ. ಒಬ್ಬನ ತಂಗಿ ಫ್ಯೂಸ್ ಕಾರ್ಖಾನೆಯಲ್ಲಿ, ಇನ್ನೊಬ್ಬನ ತಂಗಿ ಗಣಿಯ ಮೇಲೆ ಅದಿರು ಒಡೆಯುವ ಕೆಲಸದಲ್ಲಿ. ಬಡವರು ದೂರ ಮನೆ ಮಾಡುತ್ತಿರಲಿಲ್ಲ. ಬೆಳಗ್ಗೆ ನಡೆದುಹೋಗುವಷ್ಟು ದೂರದಲ್ಲಿ ಗಣಿ ಇರಬೇಕಿತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ ಹುಟ್ಟು, ಮದುವೆ, ಸಾವು ಬರೆದಿಡಲು ಶುರು ಮಾಡಿದ್ದು 1837ರ ಜುಲೈ 1ರಿಂದ. ಇದರ ಸೂಚಿಯನ್ನು ಇಂಟರ್‌ನೆಟ್‌ನಲ್ಲಿ ನೋಡಬಹುದು. ಇಲ್ಲಿ ಬಹಳ ಜನ ಎಡವುತ್ತಾರೆ. ಸೂಚಿಯಲ್ಲಿ ಕ್ಯಾಂಬೋರ್ನ್ ಅಂತ ಹಾಕಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಯಾಕೆಂದರೆ ನೋಂದಣಿ ಜಿಲ್ಲೆಯ ಹೆಸರು ಪಕ್ಕದ ಊರಿನದು, ರೆಡ್ರೂತ್. ಕ್ಯಾಂಬೋರ್ನಿನಲ್ಲಿ ಹುಟ್ಟಿದ ಮಗುವೂ ರೆಡ್ರೂತ್ ಅಂತಲೇ ಬರುತ್ತದೆ. ಇಷ್ಟು ಗೊತ್ತಿಲ್ಲದೆ ಕೈಬಿಟ್ಟವರು ಎಷ್ಟೋ ಜನ.

ಇನ್ನು ಹೆಂಗಸರನ್ನು ಹಿಡಿಯುವ ಮಾತು. ಇಂಗ್ಲೆಂಡಿನ ಜನನ ಪತ್ರದಲ್ಲಿ ತಾಯಿಯ ಈಗಿನ ಹೆಸರಿನ ಜೊತೆ ತವರುಮನೆಯ ಹೆಸರನ್ನೂ ಬರೆಯುತ್ತಿದ್ದರು. 2016ರಲ್ಲಿ ಅಲ್ಲಿನ ನೋಂದಣಿ ಕಚೇರಿ ಹೊಸ ಸೂಚಿಯನ್ನು ಇಂಟರ್‌ನೆಟ್‌ಗೆ ಹಾಕಿತು. ಅದರಲ್ಲಿ 1837ರಿಂದಲೇ ಪ್ರತಿ ಮಗುವಿನ ಹೆಸರಿನ ಪಕ್ಕ ತಾಯಿಯ ತವರು ಹೆಸರು ಇದೆ. ಇದು ಎಷ್ಟು ದೊಡ್ಡ ಅನುಕೂಲ ಅಂದರೆ, ತಂದೆಯ ಹೆಸರು ಥಾಮಸ್, ತಾಯಿಯ ತವರು ಹೆಸರು ಇಂಥದ್ದು ಅಂತ ಹಾಕಿದರೆ ಒಂದೇ ಮನೆಯ ಮಕ್ಕಳೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ಎರಡು ಹೆಸರೂ ಕೂಡಿದರೆ ಇಡೀ ಜಿಲ್ಲೆಯಲ್ಲಿ ಒಂದೋ ಎರಡೋ ಮನೆ ಉಳಿಯುತ್ತವೆ.

ಆದರೆ ತಾಯಿಯ ತವರು ಹೆಸರು ಗೊತ್ತಾಗುವುದು ಹೇಗೆ? ನನ್ನ ಗೆಳತಿಯ ಮನೆಯಲ್ಲಿ ಅದು ಕಣ್ಣೆದುರೇ ಇತ್ತು. ಅವಳ ದೊಡ್ಡ ತಾತನಿಗೆ, ಅಂದರೆ ಅವಳ ತಾತನ ಅಣ್ಣನಿಗೆ, ನಡುವಿನ ಹೆಸರು ವಿಚಿತ್ರವಾಗಿತ್ತು. ಅದು ವ್ಯಕ್ತಿಗಿಡುವ ಹೆಸರಲ್ಲ, ಮನೆತನದ ಹೆಸರು. ಕಾರ್ನ್‌ವಾಲ್‌ನವರು ಮಗುವಿಗೆ ತಾಯಿಯ ಅಥವಾ ಅಜ್ಜಿಯ ತವರು ಹೆಸರನ್ನು ನಡುವಿನ ಹೆಸರಾಗಿ ಇಡುತ್ತಿದ್ದರು. ಕೆಜಿಎಫ್‌ನಲ್ಲಿ ಹುಟ್ಟಿದ ಮಗನಿಗೆ ಮುತ್ತಾತ ತಮ್ಮ ತಾಯಿಯ ತವರು ಹೆಸರು ಇಟ್ಟಿದ್ದರು. ಆ ಹೆಸರನ್ನು ಸೂಚಿಯಲ್ಲಿ ಹಾಕಿದಾಗ ಕ್ಯಾಂಬೋರ್ನಿನ ಮನೆ ಸಿಕ್ಕಿತು. ನಿಮ್ಮ ಮನೆಗಳಲ್ಲೂ ಯಾರಿಗಾದರೂ ಅಂಥ ನಡುಹೆಸರು ಇದ್ದರೆ ಅದನ್ನು ಅಲಂಕಾರ ಅಂತ ತಳ್ಳಿಹಾಕಬೇಡಿ.

ಮನೆ ಸಿಕ್ಕಿದ ಮೇಲೆ ಜನಗಣತಿ. ಇದೇ ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ. ಒಂದು ಗೊತ್ತಾದ ರಾತ್ರಿ ಮನೆಯಲ್ಲಿ ಯಾರು ಮಲಗಿದ್ದರೋ ಅವರೆಲ್ಲರ ಹೆಸರು ಬರೆಯುತ್ತಿದ್ದರು. 1841ರಿಂದ ಹೆಸರು ಸಮೇತ ಸಿಗುತ್ತದೆ. ಆದರೆ 1841ರದ್ದನ್ನು ಜೋಪಾನವಾಗಿ ಓದಬೇಕು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 34 ವರ್ಷದವನು 30 ಆಗುತ್ತಾನೆ. ಯಾರಿಗೆ ಯಾರು ಏನಾಗಬೇಕು ಅಂತಲೂ ಇಲ್ಲ. 1851ರಿಂದ ಎಲ್ಲ ಬದಲಾಯಿತು. ಮನೆಯ ಯಜಮಾನನಿಗೆ ಏನು ಸಂಬಂಧ, ಮದುವೆ ಆಗಿದೆಯೇ, ಕೆಲಸ ಏನು, ಯಾವ ಪ್ಯಾರಿಷ್‌ನಲ್ಲಿ, ಅಂದರೆ ಯಾವ ಚರ್ಚಿನ ವ್ಯಾಪ್ತಿಯ ಊರಿನಲ್ಲಿ ಹುಟ್ಟಿದ್ದು, ಎಲ್ಲ ಇದೆ. ನೂರು ವರ್ಷ ಮುಚ್ಚಿಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ. 1921ರದ್ದು 2022ರ ಜನವರಿಯಲ್ಲಿ ಹೊರಬಂತು. 1931ರದ್ದು ಮಾತ್ರ ಯಾರಿಗೂ ಸಿಗುವುದಿಲ್ಲ, 1942ರಲ್ಲಿ ಬೆಂಕಿಗೆ ಸುಟ್ಟುಹೋಯಿತು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಯುದ್ಧ ಶುರುವಾದಾಗ, 1939ರ ಸೆಪ್ಟೆಂಬರ್‌ನಲ್ಲಿ ಮಾಡಿದ ಒಂದು ಪಟ್ಟಿ ಇದೆ. ಆ ಖಾಲಿ ಜಾಗವನ್ನು ಅದು ಸ್ವಲ್ಪ ತುಂಬುತ್ತದೆ.

ಕ್ಯಾಂಬೋರ್ನ್ ಪುಟಗಳನ್ನು ತಿರುವಿದರೆ ಒಂದು ಬೀದಿಯ ಬದುಕೇ ಕಾಣುತ್ತದೆ. ಅಪ್ಪ ತವರದ ಗಣಿಯಲ್ಲಿ. ಹನ್ನೊಂದರ ಹುಡುಗ ಗಣಿಯ ಮೇಲಿನ ಕೆಲಸದಲ್ಲಿ. ಹದಿನಾಲ್ಕರ ಹುಡುಗಿ ಅದಿರು ಒಡೆಯುವವಳು. ಇವರನ್ನು ಅಲ್ಲಿ 'ಬಾಲ್ ಮೇಡನ್' ಅನ್ನುತ್ತಾರೆ. ಹೆಂಗಸರು ಗಣಿಯೊಳಗೆ ಇಳಿಯುತ್ತಿರಲಿಲ್ಲ. ಮೇಲೆ ನಿಂತು, ಚಳಿಯಲ್ಲಿ ಮಳೆಯಲ್ಲಿ, ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದರು. 1842ರಲ್ಲಿ ಮಕ್ಕಳ ದುಡಿಮೆಯ ಬಗ್ಗೆ ಪಾರ್ಲಿಮೆಂಟಿಗೆ ಸಲ್ಲಿಸಿದ ವರದಿ ಇದೆ. ಕಾರ್ನ್‌ವಾಲ್ ಭಾಗವನ್ನು ತಯಾರಿಸಿದವರು ಡಾಕ್ಟರ್ ಚಾರ್ಲ್ಸ್ ಬಾರ್‌ಹ್ಯಾಮ್. ಆ ಮಕ್ಕಳ ಹೆಸರು, ವಯಸ್ಸು, ಅವರು ಹೇಳಿದ ಮಾತು ಅದರಲ್ಲಿದೆ. ನಿಮ್ಮ ಮುತ್ತಾತನ ತಾಯಿ ಅದರಲ್ಲಿ ಇಲ್ಲದಿರಬಹುದು. ಅವಳ ಪಕ್ಕ ನಿಂತು ಕಲ್ಲು ಒಡೆದವಳು ಇರಬಹುದು, ಅಲ್ವಾ? ಅದನ್ನು ಓದಿ.

1881ರ ಗಣತಿ ನಡೆದದ್ದು ಏಪ್ರಿಲ್ 3ರ ರಾತ್ರಿ. ಅಷ್ಟರಲ್ಲಿ ಗಂಡಸರು ಹೊರಟುಬಿಟ್ಟಿದ್ದಾರೆ. ಮನೆ ಮನೆಯಲ್ಲೂ ಹೆಂಗಸೇ ಯಜಮಾನಿ. ಮದುವೆಯಾಗಿದೆ ಅಂತ ಬರೆದಿದೆ, ಗಂಡನ ಹೆಸರಿಲ್ಲ. ಕೆಲಸದ ಕಾಲಮಿನಲ್ಲಿ ಕೆಲವೊಮ್ಮೆ 'ಗಂಡ ವಿದೇಶದಲ್ಲಿ' ಅಂತ ಇರುತ್ತದೆ. ಗೆಳತಿಯ ಮನೆಯವರನ್ನು ಟಕಿಂಗ್‌ಮಿಲ್‌ನ ಪುಟದಲ್ಲಿ ಕಂಡಾಗ ಹೀಗೇ ಇತ್ತು. ತಾಯಿ ಯಜಮಾನಿ. ದೊಡ್ಡ ಮಗಳು ಫ್ಯೂಸ್ ಕಾರ್ಖಾನೆಯಲ್ಲಿ. ಮುಂದೆ ಕೋಲಾರಕ್ಕೆ ಬರಲಿದ್ದ ಹುಡುಗ ಗಣಿಯ ಮೇಲಿನ ಕೆಲಸದಲ್ಲಿ. ಅಪ್ಪನೂ ಸಮುದ್ರ ದಾಟಿದವನೇ. ಮುತ್ತಾತ ಮನೆ ಬಿಟ್ಟ ಮೊದಲಿಗರು ಅಂತ ಇವರು ಅಂದುಕೊಂಡಿದ್ದರು. ಹೊರಡುವುದು ಆ ಮನೆಗೆ ಆಗಲೇ ಅಭ್ಯಾಸವಾಗಿತ್ತು.

1911ರ ಗಣತಿಯಲ್ಲಿ ಇನ್ನೊಂದು ವಿಶೇಷ. ಮನೆಯವರೇ ತುಂಬಿದ ಕಾಗದ ಉಳಿದಿದೆ. ಅಂದರೆ ಹಿರಿಯರ ಕೈಬರಹ ಕಣ್ಣಿಗೆ ಬೀಳುತ್ತದೆ. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು, ಎಷ್ಟು ತೀರಿಕೊಂಡರು ಅಂತ ಕೇಳಿದ್ದರು. ಆ ಪ್ರಶ್ನೆ ಇದ್ದದ್ದು ಗಂಡ ಇರುವ ಹೆಂಗಸರಿಗೆ. ಕೆಲವು ವಿಧವೆಯರು ಅದನ್ನು ಬಿಡದೆ ತುಂಬಿದ್ದಾರೆ. ಗಣತಿಯವನು ಅದರ ಮೇಲೆ ಗೆರೆ ಎಳೆದಿದ್ದಾನೆ. ಗೆರೆಯ ಕೆಳಗೆ ಅಂಕಿ ಓದಲು ಬರುತ್ತದೆ. ಬೇರೆ ಎಲ್ಲೂ ಸಿಗದ ಮಕ್ಕಳ ಸುಳಿವು ಅಲ್ಲಿ ಸಿಗುತ್ತದೆ.

ಸಾವಿನ ಪತ್ರಗಳನ್ನೂ ತರಿಸಿಕೊಳ್ಳಿ. ಕ್ಯಾಂಬೋರ್ನಿನ ಗಂಡಸರ ಪತ್ರಗಳಲ್ಲಿ ಥೈಸಿಸ್ ಅನ್ನುವ ಕಾರಣ ಮತ್ತೆ ಮತ್ತೆ ಬರುತ್ತದೆ. ಅಂದರೆ ಶ್ವಾಸಕೋಶದ ಕ್ಷಯ. ಗಣಿಯವರಲ್ಲಿ ಎಷ್ಟೋ ಸಲ ಅದರ ಬುಡದಲ್ಲಿ ಇದ್ದದ್ದು ಕಲ್ಲಿನ ದೂಳು. ಯಂತ್ರದಿಂದ ಬಂಡೆ ಕೊರೆಯಲು ಶುರುವಾದ ಮೇಲೆ ಅದು ಇನ್ನೂ ಹೆಚ್ಚಿತು. ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಅಲ್ಲಿಗೆ ಬಂದು ಗಣಿಗಾರರ ಆರೋಗ್ಯ ಪರೀಕ್ಷೆ ಮಾಡಿದರು. 1904ರಲ್ಲಿ ಅವರ ವರದಿ ಬಂತು. ಅಪಘಾತಗಳೂ ಇದ್ದವು. 1893ರ ಸೆಪ್ಟೆಂಬರ್‌ನಲ್ಲಿ ಡಾಲ್ಕೋತ್ ಗಣಿಯ ಆಳದಲ್ಲಿ ಮರದ ಆಧಾರ ಕುಸಿದು ಏಳು ಮಂದಿ ಸತ್ತರು. ಇಂಥದ್ದು ನಡೆದಾಗ ವಿಚಾರಣೆ ನಡೆಯುತ್ತಿತ್ತು, ಪತ್ರಿಕೆಯಲ್ಲಿ ಹೆಸರು ಬರುತ್ತಿತ್ತು. ಟ್ರೂರೋದ ವೆಸ್ಟ್ ಬ್ರಿಟನ್, ಪೆನ್‌ಜಾನ್ಸ್‌ನ ಕಾರ್ನಿಷ್‌ಮನ್ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ತಪ್ಪದೆ ನೋಡಿ. ಹೊರದೇಶದ ಗಣಿಗಳ ಸುದ್ದಿಯೂ ಅವುಗಳಲ್ಲಿ ಬರುತ್ತಿತ್ತು.

ಇನ್ನು ಚರ್ಚು. ಕಾರ್ನ್‌ವಾಲ್ ಮೆಥಡಿಸ್ಟರ ನಾಡು. ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಗಡ ಅದು. ಅದನ್ನು ಶುರು ಮಾಡಿದ ಜಾನ್ ವೆಸ್ಲಿ ರೆಡ್ರೂತ್ ಹತ್ತಿರದ ಗ್ವೆನಪ್ ಪಿಟ್ ಅನ್ನುವ ಹಳ್ಳದಲ್ಲಿ 1762ರಿಂದ ಮತ್ತೆ ಮತ್ತೆ ಬೋಧನೆ ಮಾಡಿದರು. ಗಣಿ ಕೆಲಸಗಾರರು ಅವರ ಹಿಂದೆ ನಡೆದರು. ಆದ್ದರಿಂದ ನಿಮ್ಮವರ ದೀಕ್ಷಾಸ್ನಾನ ಊರ ದೊಡ್ಡ ಚರ್ಚಿನಲ್ಲಿ ಸಿಗದಿದ್ದರೆ ಮೆಥಡಿಸ್ಟ್ ಪ್ರಾರ್ಥನಾ ಮಂದಿರಗಳ ದಾಖಲೆ ನೋಡಬೇಕು. ಅವರಲ್ಲೂ ವೆಸ್ಲಿಯನ್, ಬೈಬಲ್ ಕ್ರಿಶ್ಚಿಯನ್ ಅಂತ ಬೇರೆ ಬೇರೆ ಪಂಗಡ. ದಾಖಲೆಗಳು ಹಲವು ಮಂದಿರಗಳಿಗೆ ಸೇರಿ ಸರ್ಕ್ಯೂಟ್ ಹೆಸರಿನಲ್ಲಿ ಇರುತ್ತವೆ. ಆದರೆ ಮದುವೆ? 1754ರಿಂದ 1837ರವರೆಗೆ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರು, ಯಹೂದಿಗಳನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಹಾಗಾಗಿ ಎಂಥ ಮೆಥಡಿಸ್ಟನ ಮದುವೆಯೂ ಆ ಕಾಲದಲ್ಲಿ ಪ್ಯಾರಿಷ್ ಪುಸ್ತಕದಲ್ಲೇ ಇರುತ್ತದೆ. 1840ರ ದಶಕದಲ್ಲಿ ಟಕಿಂಗ್‌ಮಿಲ್, ಟ್ರೆಸ್ಲೋಥನ್ ಬೇರೆ ಪ್ಯಾರಿಷ್ ಆದವು. ಅಲ್ಲಿಂದಾಚೆಗೆ ಅವುಗಳ ಪುಸ್ತಕ ಬೇರೆ.

ಅದಕ್ಕೂ ಹಿಂದೆ ಹೋಗಬಹುದು. ಚರ್ಚುಗಳು ಇಂಥ ದಾಖಲೆ ಇಡಬೇಕು ಅಂತ ಆಜ್ಞೆ ಆದದ್ದು 1538ರಲ್ಲಿ. ಆದರೆ ಹಿಂದೆ ಹೋದಷ್ಟೂ ವಿವರ ಕಡಿಮೆ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ ಅನ್ನುವುದನ್ನೂ ನೆನಪಿಡಬೇಕು. ಫೆಬ್ರವರಿ 1740 ಅಂತ ಪುಸ್ತಕದಲ್ಲಿ ಇದ್ದರೆ ಅದು ನಮ್ಮ ಲೆಕ್ಕಕ್ಕೆ 1741. ಇಷ್ಟು ಹಿಂದೆ ಹೋಗುವ ಆಸೆಗಿಂತ 1800ರ ಈಚಿನದ್ದನ್ನು ತುಂಬಿಸಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬರೀ ಹೆಸರುಗಳ ಏಣಿ ಹತ್ತಿ ಏನು ಪ್ರಯೋಜನ?

ಬಡವರ ಹೆಸರು ಇನ್ನೂ ಎರಡು ಕಡೆ ಸಿಗುತ್ತದೆ. ಒಂದು ಗಣಿಯ ಲೆಕ್ಕದ ಪುಸ್ತಕ. ಅಲ್ಲಿ ಕೆಲಸ ಎರಡು ಬಗೆ. ತೆಗೆದ ಅದಿರಿನ ಬೆಲೆಯಲ್ಲಿ ಪಾಲು ಪಡೆಯುವವರು ಒಂದು ಕಡೆ, ಅಗೆದ ಉದ್ದಕ್ಕೆ ಇಷ್ಟು ಅಂತ ಕೂಲಿ ಪಡೆಯುವವರು ಇನ್ನೊಂದು ಕಡೆ. ಅಪ್ಪ, ಮಕ್ಕಳು, ಭಾವಮೈದುನ ಸೇರಿ ಒಂದು ಗುಂಪಾಗಿ ಕೆಲಸ ಹಿಡಿಯುವುದು ಸಾಮಾನ್ಯ. ಒಂದೇ ಗುಂಪಿನಲ್ಲಿರುವ ಹೆಸರುಗಳು ನೆಂಟರ ಹೆಸರು ಆಗಿರಬಹುದು.

ಎರಡನೆಯದು ಮನೆಯ ಗುತ್ತಿಗೆ. ಅಲ್ಲಿನ ನೆಲದಲ್ಲಿ ಬಹುಪಾಲು ಟೆಹಿಡಿಯ ಬ್ಯಾಸೆಟ್ ಮನೆತನದ ಜಮೀನ್ದಾರರದ್ದು. ಮನೆ ಕಟ್ಟಿಕೊಳ್ಳುವವನಿಗೆ ಮೂರು ಜೀವಗಳ ಮೇಲೆ ಗುತ್ತಿಗೆ ಕೊಡುತ್ತಿದ್ದರು. ಅಂದರೆ ಪತ್ರದಲ್ಲಿ ಮೂವರ ಹೆಸರು ಹಾಕಬೇಕು. ಆ ಮೂವರಲ್ಲಿ ಕೊನೆಯವನು ಸಾಯುವವರೆಗೆ ಮನೆ ಅವರದ್ದು, ಆಮೇಲೆ ಜಮೀನ್ದಾರನದು. ಹಾಗಾಗಿ ಜನ ಚಿಕ್ಕ ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು ಹಾಕಿಸುತ್ತಿದ್ದರು. ಪಕ್ಕದಲ್ಲಿ ವಯಸ್ಸು. ಬೆವರು ಸುರಿಸಿ ಕಟ್ಟಿದ ಮನೆ ಒಂದು ಮಗುವಿನ ಉಸಿರಿನ ಮೇಲೆ ನಿಂತಿತ್ತು. ಎಂಥ ಅನ್ಯಾಯ ಅದು! ಆದರೆ ಆ ಪತ್ರದಿಂದಲೇ ಇವತ್ತು ಮೂರು ತಲೆಮಾರು ಒಟ್ಟಿಗೆ ಸಿಗುತ್ತವೆ.

ಇವೆಲ್ಲ ಇರುವುದು ರೆಡ್ರೂತ್‌ನಲ್ಲಿ, ಕ್ರೇಸೆನ್ ಕೆರ್ನೋ ಅನ್ನುವ ದಾಖಲೆ ಭಂಡಾರದಲ್ಲಿ. ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ ಕಟ್ಟಿ 2019ರಲ್ಲಿ ತೆರೆದರು. ಕಾರ್ನ್‌ವಾಲ್‌ನ ಬೇರೆ ಬೇರೆ ಕಡೆ ಇದ್ದ ದಾಖಲೆಗಳನ್ನು ಒಂದೇ ಕಡೆ ತಂದಿದ್ದಾರೆ. ಹೋಗುವವರು ಅವರ ಪಟ್ಟಿಯಲ್ಲಿ ನೋಡಿ, ಬೇಕಾದ ಕಾಗದಗಳನ್ನು ಮೊದಲೇ ತಿಳಿಸಿ ಹೋಗಿ. ಹೋಗಲು ಆಗದವರು ಬೇಸರ ಪಡಬೇಕಾಗಿಲ್ಲ. ಕಾರ್ನ್‌ವಾಲ್‌ನ ಆನ್‌ಲೈನ್ ಪ್ಯಾರಿಷ್ ಕ್ಲಾರ್ಕ್ ಅನ್ನುವ ಸ್ವಯಂಸೇವಕರು ಚರ್ಚಿನ ಪುಸ್ತಕಗಳನ್ನು ಓದಿ, ಟೈಪ್ ಮಾಡಿ, ಎಲ್ಲರಿಗೂ ಸುಮ್ನೆ ಬಿಟ್ಟುಕೊಟ್ಟಿದ್ದಾರೆ. ದುಡ್ಡು ಕೇಳುವುದಿಲ್ಲ. ಫ್ರೀಬಿಎಂಡಿ, ಫ್ಯಾಮಿಲಿಸರ್ಚ್ ಅನ್ನುವ ಇಂಟರ್‌ನೆಟ್ ತಾಣಗಳೂ ಹಾಗೇ. ದುಡ್ಡು ಕೊಟ್ಟು ನೋಡುವ ತಾಣಗಳಿಗೆ ಹೋಗುವ ಮುಂಚೆ ಇವನ್ನು ಮುಗಿಸಿ.

ಈಗ ನನ್ನ ಮನಸ್ಸಿಗೆ ನೋವು ಕೊಡುವ ಒಂದು ವಿಷಯ.

ಇಂಗ್ಲೆಂಡಿನ ಮದುವೆ ಪತ್ರದಲ್ಲಿ 1837ರಿಂದ ಗಂಡು ಹೆಣ್ಣು ಇಬ್ಬರ ತಂದೆಯ ಹೆಸರು, ಕೆಲಸ ಬರೆಯುತ್ತಿದ್ದರು. ತಾಯಿಯ ಹೆಸರಿಗೆ ಜಾಗ ಇರಲಿಲ್ಲ. ಅದಕ್ಕೆ ಜಾಗ ಸಿಕ್ಕಿದ್ದು 2021ರ ಮೇ 4ರಿಂದ. ಅಷ್ಟು ವರ್ಷ ಬೇಕಾಯಿತು. ಆದರೂ ಅಲ್ಲಿನ ತಾಯಂದಿರನ್ನು ಜನನ ಪತ್ರದಿಂದ, ಗಣತಿಯಿಂದ ಹಿಡಿಯಬಹುದು. ಕೋಲಾರದ ತಾಯಿಯನ್ನು?

ಕ್ಯಾಂಬೋರ್ನಿನಿಂದ ಬಂದವರಲ್ಲಿ ಕೆಲವರು ಇಲ್ಲಿಯ ಹೆಣ್ಣುಮಕ್ಕಳ ಜೊತೆ ಸಂಸಾರ ಮಾಡಿದರು. ನನ್ನ ಗೆಳತಿಯ ಮುತ್ತಜ್ಜಿ ತಮಿಳು ಮಾತಾಡುತ್ತಿದ್ದರು ಅನ್ನುವುದಷ್ಟೇ ಮನೆಯವರಿಗೆ ಗೊತ್ತು. ಮಕ್ಕಳ ದೀಕ್ಷಾಸ್ನಾನದ ಪುಸ್ತಕದಲ್ಲಿ ಮೇರಿ ಅಂತ ಮಾತ್ರ ಇದೆ. ತಂದೆಯ ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಕರೆಯುತ್ತಿದ್ದ ಹೆಸರಿಲ್ಲ. ಎಂಟು ಸಾವಿರ ಕಿಲೋಮೀಟರ್ ಆಚೆ ಇರುವ ಮುತ್ತಾತನ ಅಜ್ಜಿ ಯಾವ ಬೀದಿಯಲ್ಲಿದ್ದಳು ಅಂತ ಹೇಳಬಲ್ಲೆವು. ಇಲ್ಲೇ ಹುಟ್ಟಿ, ಇಲ್ಲೇ ಮಣ್ಣಾದ ಮುತ್ತಜ್ಜಿ ಯಾರ ಮಗಳು ಅಂತ ಹೇಳಲು ಆಗುವುದಿಲ್ಲ. ಇದು ನಮ್ಮ ಹುಡುಕಾಟದ ಸೋಲಲ್ಲ. ಬರೆದವರು ಆಕೆಯನ್ನು ಬರೆಯಬೇಕಾದವಳು ಅಂತ ಎಣಿಸಲಿಲ್ಲ.

ಹಾಗಂತ ಬಿಡಬಾರದು. ಆಕೆ ಕ್ಯಾಥೊಲಿಕ್ ಆಗಿದ್ದರೆ ಆ ಚರ್ಚಿನ ಪುಸ್ತಕ ನೋಡಿ. ಅಲ್ಲಿ ಮಗುವಿನ ಗಾಡ್‌ಫಾದರ್, ಗಾಡ್‌ಮದರ್ ಹೆಸರು ಬರೆಯುವ ಪದ್ಧತಿ ಇದೆ. ಅವರು ಹೆಚ್ಚಾಗಿ ತಾಯಿಯ ಕಡೆಯ ನೆಂಟರು, ನೆರೆಯವರು. ಮದುವೆಯ ಸಾಕ್ಷಿಗಳ ಹೆಸರನ್ನೂ ಬಿಡಬೇಡಿ. ಕೆಜಿಎಫ್‌ಗೆ ಕೂಲಿಗೆ ಬಂದವರಲ್ಲಿ ಬಹಳ ಜನ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯವರು. ಆ ಹೆಸರುಗಳಿಂದ ಊರಿನ ದಿಕ್ಕಾದರೂ ತಿಳಿಯಬಹುದು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು.

'ಮುತ್ತಾತ ಇಂಗ್ಲೆಂಡಿನವರು ಅಂತ ಸಾಬೀತಾದರೆ ಅಲ್ಲಿಗೆ ಹೋಗಿ ನೆಲೆಸಬಹುದಾ?' ಯುವಕರೊಬ್ಬರು ಕೇಳಿದರು. ಮುತ್ತಾತ ಸಾಲದು. ತಾತ ಅಥವಾ ಅಜ್ಜಿ ಬ್ರಿಟನ್‌ನಲ್ಲಿ ಹುಟ್ಟಿದ್ದರೆ, ಕಾಮನ್‌ವೆಲ್ತ್ ದೇಶದವರಿಗೆ ಆ ಆಧಾರದ ಮೇಲೆ ಕೆಲಸ ಮಾಡುವ ವೀಸಾ ಕೇಳುವ ಅವಕಾಶ ಇದೆ. ಭಾರತ ಆ ಪಟ್ಟಿಯಲ್ಲಿದೆ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಅವರ ಸರ್ಕಾರದ ತಾಣದಲ್ಲೇ ನೋಡಿಕೊಳ್ಳಿ.

'ಡಿಎನ್‌ಎ ಪರೀಕ್ಷೆ ಮಾಡಿಸಬಹುದಾ?' ಮಾಡಿಸಬಹುದು. ಮುತ್ತಾತನ ಅಣ್ಣತಮ್ಮಂದಿರು ಆಸ್ಟ್ರೇಲಿಯಾಕ್ಕೋ ಅಮೆರಿಕಕ್ಕೋ ಹೋಗಿದ್ದರೆ ಅವರ ಮೊಮ್ಮಕ್ಕಳು ಅಲ್ಲಿ ಪರೀಕ್ಷೆ ಮಾಡಿಸಿರುವ ಸಾಧ್ಯತೆ ಹೆಚ್ಚು. ಆದರೆ ಮನೆಯಲ್ಲಿ ಎಲ್ಲರಿಗೂ ಹೇಳಿ, ಒಪ್ಪಿಗೆ ಪಡೆದು ಮಾಡಿಸಿ. ಯಾರೂ ಎಣಿಸದ ನೆಂಟರೂ ಬರಬಹುದು.

ಕೆಜಿಎಫ್‌ನ ಮಾರಿಕುಪ್ಪಂನಿಂದ ಬಂದಿದ್ದ ಹಿರಿಯರೊಬ್ಬರು ಕೊನೆಗೆ ಎದ್ದು ನಿಂತರು. 'ನಮ್ಮ ತಾತನೂ ಅದೇ ಗಣಿಯೊಳಗೆ ಇಳಿದವರು. ನಾವು ಎಲ್ಲಿ ಹುಡುಕಬೇಕು?' ಸಭೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇರಲಿಲ್ಲ. ನಾನು ಹೇಳಿದ್ದು ಇಷ್ಟು. ಗಣಿ ಕಂಪನಿಗಳಿಗೆ ನಮ್ಮ ಕೆಲಸಗಾರರ ಗುರುತು ಬೇಕಿತ್ತು. ಅವರ ಕುಟುಂಬದ ಕಥೆ ಬೇಕಿರಲಿಲ್ಲ. 1930ರಲ್ಲಿ ಬೆರಳಚ್ಚು ಕೊಡಬೇಕು ಅಂದಾಗ ಕೆಲಸಗಾರರು ಮುಷ್ಕರ ಹೂಡಿದರು. ತಮ್ಮನ್ನು ಕಳ್ಳರಂತೆ ಕಾಣುತ್ತಿದ್ದಾರೆ ಅನ್ನುವ ಸಿಟ್ಟು ಅದು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, 2001ರಲ್ಲಿ ಮುಚ್ಚಿದವು. ಮನೆಯಲ್ಲಿ ಉಳಿದಿರುವ ಗುರುತಿನ ಚೀಟಿ, ಪ್ರಾವಿಡೆಂಟ್ ಫಂಡ್ ಕಾಗದ, ಆಸ್ಪತ್ರೆ ಚೀಟಿ, ಸಂಘದ ರಸೀದಿ, ಇವೇ ನಮ್ಮ ದಾಖಲೆ. ಅವನ್ನು ಎಸೆಯಬೇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಇಬ್ಬರು ಮೂವರ ಹತ್ತಿರ ಇಡಿ. ಶಾಲೆಯ ಹಾಜರಿ, ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಜೊತೆ ಊರು ಇರಬಹುದು, ಕೇಳಿ ನೋಡಿ. ಅದಕ್ಕೂ ಮುಂಚೆ, ಇವತ್ತು ಮನೆಗೆ ಹೋದ ಕೂಡಲೇ, ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು ಅವರ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವರ ಊರು ಕೇಳಿ. ಕೇಳಿದ್ದನ್ನು ತಾರೀಕು ಹಾಕಿ, ಹೇಳಿದವರ ಹೆಸರು ಹಾಕಿ, ಒಂದು ಪುಸ್ತಕದಲ್ಲಿ ಬರೆಯಿರಿ.